ಕಮಲಾಪುರದ ತೊಟ್ಟಿಲು

ಮಾವ ಒಳಕೋಣೆಯಲ್ಲಿ ಎದ್ದು ಕೂತು ಕೆಮ್ಮಿದರು. ಆ ಕೆಮ್ಮಿಗೆ ಅಡಿಗೆಮನೆಯಿಂದ ಬಳೆಗಳ ಸದ್ದು ಉತ್ತರವಾಗಿ ಹೋಗಬೇಕಿತ್ತು; ಹೋಗಲಿಲ್ಲ. ಒಲೆಯ ಮುಂದೆ ಕೂತಿದ್ದ ಜಯದೇವಿ ತನ್ನ ಬರಿಗೈ ನೋಡಿಕೊಂಡಳು. ಬಂಧುಗಳೆಲ್ಲ ನಿನ್ನೆ ಸಂಜೆಯೊಳಗೆ ತಮ್ಮ ತಮ್ಮ ಊರಿಗೆ ಹೊರಟುಹೋಗಿದ್ದರು. ಅತ್ತೆ ಶಿವಕಾಂತಮ್ಮನಿಗೆ ಹಸಿರು ಸೀರೆ ಉಡಿಸಿ, ಕೂರಿಸಿ, ಭಜನೆಯೊಂದಿಗೆ ಹೊತ್ತೊಯ್ದು ಹೊಲದಲ್ಲಿ ಮಣ್ಣು ಮಾಡಿದ್ದು, ಅಯ್ಯನವರು ಬಂದು ಹೋದದ್ದು, ಪಂಕ್ತಿಯ ಎಲೆ ಎತ್ತಿದ್ದು, ಎಲ್ಲ ಮುಗಿದು ಇವತ್ತು ಬರೀ ಒಂದು ಬೆಳಗು ಬಂದಿತ್ತು. ಹಾಲಿನವಳು ಬಂದು ಎಂದಿನಷ್ಟೇ ಹಾಲು ಹಾಕಿದಳು. ಒಬ್ಬರ ಪಾಲು ಕಡಿಮೆ ಮಾಡು ಎಂದು ಹೇಳಬೇಕಿತ್ತೆಂದು ಜಯದೇವಿಗೆ ಹೊಳೆದದ್ದು ಆಕೆ ಓಣಿಯ ತಿರುವು ದಾಟಿದ ಮೇಲೆ. ಒಳಗಿನಿಂದ ಮಾವ, "ಏ, ಕೇಳಿತೇನ..." ಎಂದು ಕರೆದು ಅರ್ಧಕ್ಕೆ ನಿಲ್ಲಿಸಿದರು. ಮದುವೆಯಾದಂದಿನಿಂದ ಹೆಂಡತಿಯನ್ನು ಅವರು ಹೆಸರು ಹಿಡಿದು ಕರೆದವರಲ್ಲ. 'ಕೇಳಿತೇನ' ಎಂಬುದೇ ಅತ್ತೆಯ ಹೆಸರಾಗಿತ್ತು. ಈಗ ಅದು ಯಾರ ಹೆಸರೂ ಅಲ್ಲದೆ ಪಡಸಾಲೆಯಲ್ಲಿ ನಿಂತಿತು.

ಜಯದೇವಿ ಚಹಾ ಸೋಸಿಕೊಂಡು ಕೋಣೆಯ ಹೊಸ್ತಿಲವರೆಗೆ ಹೋಗಿ ತಡೆದಳು. ಬೆಳಗಿನ ಹೊತ್ತು ಈ ಹೊಸ್ತಿಲಿಗೆ ಅವಳು ಬಂದೇ ಇರಲಿಲ್ಲ. ಬರಬೇಡ ಎಂದು ಯಾರೂ ಹೇಳಿರಲಿಲ್ಲ. ಗಂಡ ಸೂರ್ಯಕಾಂತ ತೀರಿಕೊಂಡ ಹೊಸದರಲ್ಲಿ, ಮಾವ ಧಾನ್ಯದ ಪೇಟೆಗೆ, ಗಂಜಿಗೆ, ಹೊರಡುವ ಹೊತ್ತಿಗೆ ಅತ್ತೆ ಯಾವಾಗಲೂ ತುಂಬಿದ ಕೊಡ ಹಿಡಿದು ಬಾಗಿಲಲ್ಲಿ ನಿಂತಿರುವುದನ್ನು ಅವಳು ನೋಡಿದ್ದಳು. ಮುದುಕಿಗೆ ನೀರಿನ ಹುಚ್ಚು ಎಂದುಕೊಂಡಿದ್ದಳು. ದಲ್ಲಾಳಿ ವ್ಯಾಪಾರ ಮಾಡುವ ಗಂಡನ ಕಣ್ಣಿಗೆ ಮುಂಜಾನೆ ಮೊದಲು ವಿಧವೆ ಸೊಸೆಯ ಮುಖ ಬೀಳಬಾರದು, ಸೊಸೆಗೆ ಅದು ತಿಳಿಯಲೂಬಾರದು, ಅದಕ್ಕಾಗಿ ಆ ಕೊಡ ಎಂದು ಅರ್ಥವಾಗಲು ಒಂದು ಮಳೆಗಾಲ ಹಿಡಿಯಿತು. ಅರ್ಥವಾದ ದಿನ ಅವಳಿಗೆ ಮೊದಲು ನಗು ಬಂದಿತ್ತು. ಹೈದರಾಬಾದಿನಲ್ಲಿ ತತ್ವಶಾಸ್ತ್ರ ಓದಿ ಬಿ.ಎ. ಆದವಳನ್ನು ಒಂದು ತಾಮ್ರದ ಕೊಡದ ಹಿಂದೆ ಬಚ್ಚಿಡಬಹುದು. ಆಮೇಲೆ ನಗು ಬಂದಿರಲಿಲ್ಲ. ತನ್ನನ್ನು ಮರೆಮಾಡುತ್ತಿದ್ದವಳು ತನ್ನನ್ನು ಕಾಯುತ್ತಲೂ ಇದ್ದಳೋ ಎಂಬ ಪ್ರಶ್ನೆಯನ್ನು ಅವಳು ಅತ್ತೆಗೆ ಕೇಳಲಿಲ್ಲ. ಕೇಳುವ ಭಾಷೆ ಅವರಿಬ್ಬರ ನಡುವೆ ಇರಲಿಲ್ಲ. ಈಗ ನಡುವೆ ನಿಲ್ಲುವವರಿಲ್ಲದೆ ಬಟ್ಟಲು ಹಿಡಿದು ನಿಂತಾಗ ಮಾವ ತಲೆ ಎತ್ತಿ ನೋಡಿ, ಮೆಲ್ಲಗೆ, ಸಿಟ್ಟಿಲ್ಲದೆ, ಗೋಡೆಯ ಕಡೆ ತಿರುಗಿದರು.

"ಅಲ್ಲೇ ಇಡು" ಎಂದರು ಗೋಡೆಗೆ.

ಅವಳು ಇಟ್ಟಳು. ಬಟ್ಟಲಿನ ಕೆಳಗಿನ ಬಶಿ ಸದ್ದು ಮಾಡಿತು. ಅತ್ತೆಯ ಉಸಿರು ನಿಂತಾಗ ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ. ಬಂದ ಹೆಂಗಸರು ಅದನ್ನು ಕಂಡು, ಓದಿದವಳು ನೋಡ್ರವ್ವ ಎಂದು ತಮ್ಮಲ್ಲೇ ಅಂದುಕೊಂಡದ್ದು ಅವಳಿಗೆ ಕೇಳಿತ್ತು.

ಹೊರಗೆ ಕಟ್ಟೆಯ ಮೇಲೆ ಇನ್ನೂ ಒಬ್ಬ ಉಳಿದಿದ್ದ. ಕಮಲಾಪುರದ ಅಣವೀರಪ್ಪ. ಅತ್ತೆಯ ತವರೂರಿನವನು, ಅತ್ತೆಯ ಬಾಲ್ಯದ ಗೆಳತಿ ಕಸ್ತೂರಿಬಾಯಿಯ ಮಗ. ಮಣ್ಣಿಗೆ ಬಂದವನು ಎಲ್ಲರೂ ಹೋದರೂ ಹೋಗದೆ, ಕೇಳಿದವರಿಗೆಲ್ಲ ಮೋಟಾರು ತಪ್ಪಿತು ಎನ್ನುತ್ತ ಉಳಿದುಕೊಂಡಿದ್ದ. ಅವನ ಪಕ್ಕದಲ್ಲಿ ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ಊರಿನ ಕೆಂಪು ಬಾಳೆಹಣ್ಣು ಮಾಗಿ ವಾಸನೆ ಬಿಟ್ಟಿತ್ತು. ಸಾವಿನ ಮನೆಗೆ ಹಣ್ಣು ತರಬಾರದಿತ್ತೇನೋ ಎಂಬ ಅನುಮಾನದಲ್ಲಿ ಆತ ಅದನ್ನು ಯಾರಿಗೂ ಕೊಟ್ಟಿರಲಿಲ್ಲ.

"ಚಹಾ ತಗೋರಿ" ಎಂದಳು ಜಯದೇವಿ.

"ಚಹಾ ಆಗ್ಯದರಿ ವೈನಿ." ಕೂಡಲೇ ಕೈ ಚಾಚಿದ. "ಆಗಿಲ್ರಿ. ಕೊಡ್ರಿ."

ಕುಡಿದ. ಬಟ್ಟಲು ಕೆಳಗಿಟ್ಟ. ಮತ್ತೆ ಎತ್ತಿ ನೋಡಿದ, ತಳದಲ್ಲಿ ಏನೂ ಇರಲಿಲ್ಲ.

"ಇಂಥಾದ್ರಾಗ ಕೇಳಬಾರದ್ರಿ. ಅವ್ವ ಹೇಳಿ ಕಳಿಸ್ಯಾಳ, ಬಾಯಿ ಬಿಟ್ಟು ಕೇಳು, ಕಟ್ಟಿ ಕಾಯಬ್ಯಾಡ ಅಂತ. ನಾ ಬಂದಾಗಿನಿಂದ ಕಟ್ಟೀನೇ ಕಾಯ್ಲಕತ್ತೀನಿ." ನಗಲು ಹೋಗಿ ನಿಲ್ಲಿಸಿದ. "ನಿಮ್ಮ ಮನ್ಯಾಗ ನಮ್ಮ ತೊಟ್ಟಲ ಅದ್ರಿ. ಶಿವಕಾಂತತ್ತಿ ಒಯ್ದಿದ್ದು, ಸೂರ್ಯಾನ ಬಾಣಂತನಕ್ಕ. ನಮ್ಮಾಕಿಗಿ ದಿನ ತುಂಬ್ಲಕತ್ತಾವ. ಅವ್ವಗ ಅದೇ ತೊಟ್ಟಲ ಬೇಕಂತ. ಅದರಾಗ ಮಲಗಿದ ಕೂಸು ಒಂದೂ ಹೋಗಿಲ್ಲ ನೋಡ್ರಿ, ಅದಕ್ಕ."

ಹೇಳಿ ಮುಗಿಸಿದ ಮೇಲೆ, ಸೂರ್ಯಕಾಂತನ ಹೆಂಡತಿಯ ಮುಂದೆ ಇದನ್ನು ಹೇಳಿದೆನೆಂದು ಅವನಿಗೆ ಹೊಳೆಯಿತು. ಕೆಳಗೆ ನೋಡಿದ. ಅವನು ಒರಗಿ ಕೂತಿದ್ದ ಗೋಡೆಯ ಆಚೆ ಬದಿಗೇ, ಒಂದು ತೋಳಿನ ಅಳತೆಯಲ್ಲಿ, ಆ ತೊಟ್ಟಿಲು ಜಂತಿಯಿಂದ ತೂಗುತ್ತಿತ್ತು.

"ಅದು ಇಲ್ರಿ ಈಗ" ಎಂದಳು ಜಯದೇವಿ. ತನ್ನ ದನಿ ಎಷ್ಟು ಸಮಾಧಾನವಾಗಿತ್ತೆಂದು ಅವಳಿಗೇ ಆಶ್ಚರ್ಯವಾಯಿತು. "ಗೆದ್ದಲ ಹಿಡಿದಿತ್ತು. ಒಲಿಗಿ ಹಾಕಿದ್ರು."

"ಹೌದ್ರಿ?"

"ಹೌದ್ರಿ."

ಅಣವೀರಪ್ಪ ಬಹಳ ಹೊತ್ತು ತಲೆಯಾಡಿಸಿದ. "ಹೋಗ್ಲಿ ಬಿಡ್ರಿ. ಕಟಗಿ ಅಂದ ಮ್ಯಾಲ ಗೆದ್ದಲ ಬರೂದೇ. ಇಲ್ಲ ಅಂದ್ರ ಜುಲುಮಿ ಮಾಡಬ್ಯಾಡ ಅಂದಾಳ ಅವ್ವ." ಎದ್ದು ರುಮಾಲು ಸುತ್ತಿಕೊಂಡ. ಬಾಳೆಹಣ್ಣಿನ ಬುಟ್ಟಿಯನ್ನು ಕಾಲಿನಿಂದ ಅವಳ ಕಡೆಗೆ ಸರಿಸಿ, "ಇವು ಭಾಳ ಹಣ್ಣಾಗ್ಯಾವ್ರಿ" ಎಂದು, ಅದೂ ತನ್ನದೇ ತಪ್ಪೆಂಬಂತೆ ಹೇಳಿ ಹೊರಟುಹೋದ.

ಅವನ ಬೆನ್ನು ಓಣಿಯ ಕೊನೆಯಲ್ಲಿ ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ಅವಳು ನಡುಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತೊಟ್ಟಿಲಿನ ಕಾಲುಗಳಿಗೆ ಕೆಂಪು ಹಳದಿ ಅರಗಿನ ಬಣ್ಣ. ನಾಲ್ಕು ಮೂಲೆಗೆ ನಾಲ್ಕು ಗಿಳಿ, ಒಂದಕ್ಕೆ ಕೊಕ್ಕಿಲ್ಲ. ಹಲ್ಲು ಬರುವಾಗ ಸೂರ್ಯಾನೇ ಕಡಿದು ತಿಂದ ಎಂದು ಅತ್ತೆ ಹೇಳುತ್ತಿದ್ದಳು, ಮಗ ದೊಡ್ಡ ಪರೀಕ್ಷೆ ಪಾಸಾದುದನ್ನು ಹೇಳುವುದಕ್ಕಿಂತ ಹೆಚ್ಚು ಬಿಂಕದಿಂದ. ಸೂರ್ಯಕಾಂತ ನಾಚುತ್ತಿದ್ದ. ಅವನು ನಾಚಿದಾಗ ಬಲಗಿವಿಯ ತುದಿ ಮಾತ್ರ ಕೆಂಪಾಗುತ್ತಿತ್ತು. ಜಯದೇವಿಗೆ ಅವನ ಮುಖವನ್ನು ಪೂರ್ತಿಯಾಗಿ ನೆನೆಯಲು ಈಗೀಗ ಆಗುತ್ತಿರಲಿಲ್ಲ; ಕಿವಿಯ ತುದಿ ಬರುತ್ತಿತ್ತು, ಓದುವಾಗ ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ಜನಿವಾರದಂಥ ಶಿವದಾರ ಬರುತ್ತಿತ್ತು, ಜ್ವರದಲ್ಲಿ ಒಣಗಿದ ತುಟಿ ಬರುತ್ತಿತ್ತು. ಅವನ್ನೆಲ್ಲ ಜೋಡಿಸಿ ಒಬ್ಬ ಮನುಷ್ಯನನ್ನು ಮಾಡಬೇಕಾದರೆ ಅವಳು ಈ ತೊಟ್ಟಿಲ ಹತ್ತಿರ ಬಂದು ನಿಲ್ಲಬೇಕಾಗಿತ್ತು. ಇದರ ತಳದ ಹಲಗೆಯಲ್ಲಿ ಅವನ ಮೈಯ ಭಾರ ಒಂದು ಕಾಲಕ್ಕೆ ಇತ್ತು ಎಂಬ ಒಂದೇ ವಿಷಯ, ಅವಳು ಓದಿದ ಎಲ್ಲ ಪ್ರಮಾಣಗಳಿಗಿಂತ ಗಟ್ಟಿಯಾಗಿ ನಿಲ್ಲುತ್ತಿತ್ತು. ಅದನ್ನು ಹೇಗೆ ಕೊಡುವುದು? ಕಮಲಾಪುರದಲ್ಲಿ ಬಡಿಗರಿಲ್ಲವೇ?

ಅತ್ತೆ ಕಮಲಾಪುರದಿಂದ ಈ ಮನೆಗೆ ಬಂದಾಗ ಸೀರೆ ಉಡಲು ಬರುತ್ತಿರಲಿಲ್ಲವಂತೆ. ಗಾಡಿಯಲ್ಲಿ ನಿದ್ದೆ ಹೋದವಳನ್ನು ಎತ್ತಿಕೊಂಡು ಹೊಸ್ತಿಲು ದಾಟಿಸಿದರಂತೆ. ಆಮೇಲೆ ಈ ಹೊಸ್ತಿಲ ಒಳಗೆ ಅವಳು ಎಚ್ಚರವಾಗಿಯೇ ಇದ್ದಳು. ಎಲ್ಲರಿಗಿಂತ ಮೊದಲು ಏಳುವುದು, ಎಲ್ಲರೂ ಉಂಡ ಮೇಲೆ ರೊಟ್ಟಿಯ ಬುಟ್ಟಿಯಲ್ಲಿ ಉಳಿದದ್ದನ್ನು ಮುರಿಯುವುದು, ಗಂಡನ ಕೆಮ್ಮಿನಲ್ಲಿ ಬಿಸಿನೀರಿನದು ಯಾವುದು, ಚಹಾದ್ದು ಯಾವುದು, ಸಿಟ್ಟಿನದು ಯಾವುದು ಎಂದು ತಿಳಿಯುವುದು. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಹೋದವು. ಪ್ಲೇಗಿನ ವರ್ಷ ಊರೆಲ್ಲ ಹೊರಗೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಒಂದು, ಏನೂ ಇಲ್ಲದ ಒಳ್ಳೆಯ ವರ್ಷದಲ್ಲಿ ಒಂದು, ಹಾಗೆ. ಮತ್ತೆ ಬಸುರಾದಾಗ ಕಸ್ತೂರಿಬಾಯಿ ತನ್ನ ಮನೆಯ ತೊಟ್ಟಿಲು ಕೊಟ್ಟಳು. ಮಕ್ಕಳು ಉಳಿದ ಮನೆಯ ತೊಟ್ಟಿಲು ಎರವಲು ತಂದು ಮಲಗಿಸಿದರೆ ಈ ಮನೆಯ ಮಕ್ಕಳೂ ಉಳಿಯುತ್ತಾರೆ ಎಂದು ಆ ಕಡೆಯ ನಂಬಿಕೆ. ಸೂರ್ಯಕಾಂತ ಉಳಿದ. ತೊಟ್ಟಿಲಿನಲ್ಲಿ ಉಳಿದ, ಅಂಗಳದಲ್ಲಿ ಉಳಿದ, ಶಾಲೆಯಲ್ಲಿ ಉಳಿದ. ಹೈದರಾಬಾದಿಗೆ ಹೋಗಿ ಕಾನೂನು ಓದಿ ಬಂದ. ಬಿ.ಎ. ಓದಿದ ಸೊಸೆ ಬರುತ್ತಾಳೆಂದು ಅತ್ತೆ ಮನೆಗೆಲ್ಲ ಸುಣ್ಣ ಬಳಿಸಿದ್ದಳು, ಅಟ್ಟದ ಮೇಲೂ. ಆಮೇಲೆ ಒಂದು ವಿಷಮಜ್ವರ. ತಾಯಿ ಹಗಲು, ಹೆಂಡತಿ ರಾತ್ರಿ. ಹೋದದ್ದು ಇಬ್ಬರೂ ಇದ್ದ ಸಂಜೆಯ ಹೊತ್ತಿಗೆ.

ಅವನು ಹೋದ ಮೇಲೆ ಜಯದೇವಿಗೆ ತಿಂಗಳ ಸಮಯ ತಪ್ಪಿತ್ತು. ಅವಳು ಯಾರಿಗೂ ಹೇಳಲಿಲ್ಲ, ಆದರೆ ಅತ್ತೆ ಹಿತ್ತಲಿನ ಹಗ್ಗದ ಮೇಲೆ ತಿಂಗಳ ಬಟ್ಟೆಗಳು ಕಾಣದ್ದನ್ನು ನೋಡಿ ತಿಳಿದುಕೊಂಡಳು. ಒಂದು ಬೆಳಗು ಅಟ್ಟದಿಂದ ತೊಟ್ಟಿಲು ಕೆಳಗೆ ಬಂದಿತ್ತು. ಅತ್ತೆ ಅದನ್ನು ತೊಳೆದು, ಎಣ್ಣೆ ಒರೆಸಿ, ಜಂತಿಗೆ ಕಟ್ಟಿಸಿ, ಬರಿದು ತೊಟ್ಟಿಲು ತೂಗಬಾರದೆಂದು ಒರಳಿನ ಗುಂಡುಕಲ್ಲಿಗೆ ನೀರೆರೆದು, ಸೂರ್ಯಕಾಂತನ ಮೆತ್ತನೆಯ ಧೋತರದ ತುಂಡಿನಲ್ಲಿ ಸುತ್ತಿ ಅದರಲ್ಲಿ ಮಲಗಿಸಿದಳು. ಆ ದಿನಗಳಲ್ಲಿ ಮನೆಯಲ್ಲಿ ಚಟ್ನಿ ಅರೆಯಲಿಲ್ಲ. ಅತ್ತೆ ಹೋಗುತ್ತ ಬರುತ್ತ ತೊಟ್ಟಿಲಿಗೆ ಒಂದು ಕೈ ತಾಗಿಸುವಳು; ಸರಪಳಿ ಕಿರ್ ಎನ್ನುವುದು; ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ ಜಯದೇವಿ ಆ ಸದ್ದಿಗೆ ತನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಇದ್ದೀಯಾ ಎಂದು ಕೇಳುವಳು. ಇರಲಿಲ್ಲ. ಒಂದು ಮಧ್ಯಾಹ್ನ ಅವಳು ಹಿತ್ತಲಿನ ಹಗ್ಗಕ್ಕೆ ಬಟ್ಟೆ ಹಾಕಿ ಒಳಗೆ ಬಂದಳು. ಆವತ್ತು ರಾತ್ರಿ ತಟ್ಟೆಯಲ್ಲಿ ರೊಟ್ಟಿಯ ಪಕ್ಕ ಹಿಂಡಿ ಚಟ್ನಿ ಇತ್ತು. ಗುಂಡುಕಲ್ಲು ಒರಳಿಗೆ ಹಿಂತಿರುಗಿತ್ತು. ಇಬ್ಬರೂ ಆ ಚಟ್ನಿ ಉಂಡರು. ತೊಟ್ಟಿಲು ಮಾತ್ರ ಮತ್ತೆ ಅಟ್ಟ ಹತ್ತಲಿಲ್ಲ. ಅತ್ತೆ ಅದರಲ್ಲಿ ಕೌದಿಗಳನ್ನು ಮಡಿಸಿ ಇಟ್ಟಳು, ಬರಿದಾಗಿರಬಾರದಲ್ಲ. ದಿನವೂ ಅದರ ಮುಂದೆ ಹಾದುಹೋಗುವಾಗ ಜಯದೇವಿಗೆ ಅದು ಮಾತಿಲ್ಲದ ಆರೋಪದಂತೆ ಕಾಣುತ್ತಿತ್ತು: ನನ್ನ ಮಗನಿಂದ ನೀನು ಏನನ್ನೂ ಉಳಿಸಿಕೊಳ್ಳಲಿಲ್ಲ.

"ಗೆದ್ದಲ ಹಿಡೀತಂತ ಹೇಳಿದೆಲ್ಲ?"

ಬಾಗಿಲ ಆಚೆಯಿಂದ ಮಾವನ ದನಿ. ಅವಳು ಬಾಗಿಲು ತೆರೆದಳು. ಗುರುಲಿಂಗಪ್ಪನವರು ಪಡಸಾಲೆಯ ಕಂಬ ಹಿಡಿದು ನಿಂತಿದ್ದರು. ಬರಿ ಮೈ, ಹೆಗಲ ಮೇಲೆ ಪಂಚೆ, ಕೊರಳಲ್ಲಿ ಬೆಳ್ಳಿಯ ಕರಡಿಗೆ. ಅವಳನ್ನು ನೋಡದೆ ತೊಟ್ಟಿಲನ್ನು ನೋಡುತ್ತಿದ್ದರು.

"ಗ್ವಾಡಿ ತೆಳ್ಳಗ ಅದ. ನಾ ಎಲ್ಲಾ ಕೇಳೀನಿ. ಆಕಿ ಇಲಿ ಕಡದಾವ ಅಂತ ಹೇಳಿ ಕಳಿಸಿದ್ಲು. ನೀ ಗೆದ್ದಲ ಅಂದಿ. ಅತ್ತಿ ಸೊಸಿ ಇಬ್ಬರೂ ಕೂಡಿ ಆ ತೊಟ್ಟಲ ತಿಂದು ಮುಗಿಸಿದ್ರಿ."

"ಯಾವಾಗ್ರಿ ಮಾವ?"

"ಹೋದ ವರ್ಷ. ಅಣವೀರಪ್ಪನ ಹೇಣ್ತಿ ಚೊಚ್ಚಲ ಬಸರಿದ್ದಾಗ ಕಸ್ತೂರಿ ಮಂದೀನ ಕಳಿಸಿದ್ಲು. ನೀ ತವರಿಗಿ ಹೋಗಿದ್ದಿ. ಇಕಿ ಇಲ್ಲ ಅಂದು ಕಳಿಸಿದ್ಲು. ಅವರು ಕೂಸಿಗಿ ಬುಟ್ಟ್ಯಾಗ ಮಲಗಿಸಿದ್ರು. ಗಂಡು ಕೂಸು. ತಿಂಗಳ ತುಂಬಲಿಲ್ಲ."

ಜಯದೇವಿ ತೊಟ್ಟಿಲ ಸರಪಳಿ ಹಿಡಿದುಕೊಂಡಳು. ಕೂಸುಗಳು ಬುಟ್ಟಿಯಲ್ಲಿ ಮಲಗಿದ್ದಕ್ಕೆ ಸಾಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗೆಂದು ಹೇಳಲು ಬಾಯಿ ತೆರೆದಳು. ಆದರೆ ಎದುರಿಗೆ ಬಂದದ್ದು ಅಣವೀರಪ್ಪ, ಖಾಲಿ ಬಟ್ಟಲಿನ ತಳ ನೋಡುತ್ತ ಕೂತವನು. ಆ ಕೂಸಿನ ತಂದೆ, ಹೋಗ್ಲಿ ಬಿಡ್ರಿ ಎಂದವನು.

"ಅತ್ತಿಗಿ ಗೊತ್ತಾಗಿತ್ತೇನ್ರಿ?"

"ಗೊತ್ತಾಗಿತ್ತೇನ್ರಿ ಅಂತ!" ಮಾವ ಈಗ ಕೆಮ್ಮಿದರು, ಸಿಟ್ಟಿನ ಕೆಮ್ಮು ಅಥವಾ ಬೇರೆಯದು, ಅವಳಿಗೆ ತಿಳಿಯಲಿಲ್ಲ. "ಅವತ್ತಿನಿಂದ ಆಕಿ ರಾತ್ರಿ ಉಣ್ಣೋದು ಬಿಟ್ಟಳು. ನೀ ನೋಡಿಲ್ಲ? ಒಂದ ಒಲೀ ಮುಂದ ಕೂಡತಿದ್ದಿರಿ. ಓದಿದಾಕಿ ನೀ, ನೋಡಿಲ್ಲ?"

ನೋಡಿದ್ದಳು. ಏನೋ ವ್ರತ ಎಂದುಕೊಂಡಿದ್ದಳು. ಅತ್ತೆಯಂಥವರು ಮಾಡುವ ನೂರು ವ್ರತಗಳಲ್ಲಿ ಒಂದು ಎಂದು, ಸ್ವಲ್ಪ ತಾತ್ಸಾರದಿಂದಲೇ, ತನ್ನ ತಟ್ಟೆ ಎಳೆದುಕೊಂಡಿದ್ದಳು.

"ನಾ ಹೇಳಿದೆ, ಅವರ ವಸ್ತ ಅವರಿಗಿ ಒಯ್ದು ಕೊಡು. ಜಲ್ಮದಾಗ ನನ್ನ ಮಾತಿಗಿ ಎದುರ ಆಡದಾಕಿ, ಇಲ್ಲೇ, ಹಿಂಗ ಸರಪಳಿ ಹಿಡಕೊಂಡು ನಿಂತು, ಕೊಡೂದಿಲ್ಲ ಅಂದ್ಲು."

"ಮಗನ ನೆಪ್ಪಿಗಿ ಇಟ್ಟುಕೊಂಡಿದ್ರು, ಮಾವ. ಅಷ್ಟೂ ತಿಳೀಲಿಲ್ಲೇನ್ರಿ ನಿಮಗ?" ಎಂದಳು ಜಯದೇವಿ. ಮಾವನಿಗೆ ಹೀಗೆ ದನಿ ಏರಿಸಿ ಅವಳು ಎಂದೂ ಮಾತಾಡಿರಲಿಲ್ಲ.

"ಮಗನ ನೆಪ್ಪಿಗಲ್ಲ." ಅವರು ಕಂಬ ಬಿಟ್ಟು ಮಣೆಯ ಮೇಲೆ ಕುಸಿದು ಕೂತರು. "ನಿನ್ನ ಸಲುವಾಗಿ. ನಿನಗ ಉಡಿಕಿ ಮಾಡಿಸಬೇಕಂತ ಹಟ ಹಿಡದಿದ್ಲು. ಸಣ್ಣಾಕಿ ಅದಾಳ, ಸೀರಿ ಉಡಿಸಿ ಮತ್ತೊಬ್ಬರ ಕೈಯಾಗ ಕೊಡೋಣು, ನಮ್ಮ ಮಗಳ್ನ ಕೊಟ್ಟಂಗ. ನಾ ಅಂದೆ, ನಮ್ಮ ಮನಿತನದಾಗ ಹಂಥಾದ್ದು ಆಗಿಲ್ಲ. ಆಗಿಲ್ಲಂದ್ರ ಆಗ್ತದ ಅಂದ್ಲು. ಸೂರ್ಯಾ ಮಲಗಿದ ತೊಟ್ಟಲದಾಗ ಆಕಿ ಕೂಸು ಮಲಗ್ಲಿ, ಯಾರದರೆ ಇರ್ಲಿ, ನಾ ತೂಗ್ತೀನಿ ಅಂದ್ಲು. ಯಾರದರೆ ಇರ್ಲಿ! ಗಂಡನ ಮುಂದ ಆಡೋ ಮಾತೇನ ಅದು?"

ಅವಳು ಕೌದಿಗಳ ಮೇಲೆ ಕೈ ಇಟ್ಟಳು. ಇಷ್ಟು ದಿನ ಈ ಬಟ್ಟೆಗಳ ಅಡಿಯಲ್ಲಿ ಸೂರ್ಯಕಾಂತ ಮಲಗಿದ್ದಾನೆಂದು ತಿಳಿದಿದ್ದಳು. ಮುದುಕಿ ಅಲ್ಲಿ ಬೇರೆ ಯಾರನ್ನೋ, ಇನ್ನೂ ಹುಟ್ಟದವರನ್ನು, ತನ್ನ ರಕ್ತವೇ ಅಲ್ಲದವರನ್ನು ಮಲಗಿಸಿ, ಹೋಗುತ್ತ ಬರುತ್ತ ತೂಗುತ್ತಿದ್ದಳು. ಅದಕ್ಕಾಗಿ ಗೆಳತಿಗೆ ಸುಳ್ಳು ಹೇಳಿದ್ದಳು, ಗಂಡನಿಗೆ ಎದುರು ಆಡಿದ್ದಳು, ರಾತ್ರಿಯ ಊಟ ಬಿಟ್ಟಿದ್ದಳು. ಸೊಸೆಗೆ ಮಾತ್ರ ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಹೇಳಿದ್ದರೆ ಜಯದೇವಿ ಏನೆನ್ನುತ್ತಿದ್ದಳು? ನಕ್ಕುಬಿಡುತ್ತಿದ್ದಳೇ? ಆ ಕಣ್ಣುಗಳನ್ನು, ಸದಾ ಯಾರಿಗೋ ಏನೋ ಬಡಿಸಲು ಹೊರಟಂತಿದ್ದ ಆ ಸಣ್ಣ ಕಣ್ಣುಗಳನ್ನು, ಒಮ್ಮೆ ನೇರವಾಗಿ ನೋಡಿ ಕೇಳಬೇಕೆನಿಸಿತು. ಈ ಆಸೆ ಎಷ್ಟು ಜೋರಾಗಿ ಬಂತೆಂದರೆ ಅವಳು ನಿಜವಾಗಿಯೂ ಅಡಿಗೆಮನೆಯ ಕಡೆ ತಿರುಗಿದಳು. ಅಲ್ಲಿ ಒಲೆ ಆರಿತ್ತು.

ಅವಳು ಕೌದಿಗಳನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟಳು. ಜಂತಿಯ ಕೊಂಡಿಯಿಂದ ಸರಪಳಿ ಕಳಚಲು ಪೆಟ್ಟಿಗೆಯೊಂದನ್ನು ಹತ್ತಿದಳು.

"ಏನ್ ಮಾಡ್ಲಕತ್ತಿ?"

"ಕಮಲಾಪುರಕ್ಕ ಹೋಗ್ತೀನ್ರಿ. ಮಧ್ಯಾಹ್ನದ ಮೋಟಾರಿಗಿ."

"ಒಬ್ಬಾಕೀನೇ?"

"ಹೈದರಾಬಾದಕ್ಕ ಒಬ್ಬಾಕೀನೇ ಹೋಗಿ ಬರತಿದ್ದೆ ಮಾವ."

ಗುರುಲಿಂಗಪ್ಪನವರು ಎದ್ದು ಹೋದರು. ಸ್ವಲ್ಪ ಹೊತ್ತಿನಲ್ಲಿ ಕಣಜದ ಕೋಣೆಯಲ್ಲಿ ಡಬ್ಬಿ ಉರುಳಿದ ಸದ್ದಾಯಿತು. ಜೀವಮಾನವೆಲ್ಲ ಗಂಜಿನಲ್ಲಿ ಜೋಳದ ರಾಶಿಗಳ ನಡುವೆ ಕೂತವರು, ಮನೆಯ ಜೋಳ ಎಲ್ಲಿದೆ ಎಂದು ತಿಳಿಯದೆ ಒಂದೊಂದು ಮುಚ್ಚಳ ತೆಗೆದು ನೋಡುತ್ತಿದ್ದರು. ಕೊನೆಗೆ ಒಂದು ಮೊರದ ತುಂಬ ಜೋಳ, ಅದರ ಮೇಲೆ ಎರಡು ಒಣ ಕೊಬ್ಬರಿ ಇಟ್ಟುಕೊಂಡು ಬಂದು ತೊಟ್ಟಿಲಿಗೆ ಸುರಿದರು. ಕೆಲವು ಕಾಳು ಹೊರಗೆ ಚೆಲ್ಲಿದವು. ಬಗ್ಗಿ ಅವನ್ನು ಆರಿಸುತ್ತ, "ಅವರ ಮನಿಗಿ ಬರಿದು ಒಯ್ಯಬ್ಯಾಡ" ಎಂದರು ನೆಲಕ್ಕೆ.

ಮೋಟಾರಿನ ಅಡ್ಡಾದಲ್ಲಿ ಡ್ರೈವರ್ ವಹಾಬ್ ಕೂಲಿಯವನ ತಲೆಯ ಮೇಲೆ ಬಂದ ತೊಟ್ಟಿಲನ್ನು ನೋಡಿ ಬೀಡಿ ಎಸೆದ. ಜೋಳ ಚೆಲ್ಲದಂತೆ ಅದರ ಬಾಯಿಗೆ ಒಂದು ಕೌದಿ ಬಿಗಿದಿತ್ತು.

"ಯಾ ಅಲ್ಲಾ! ಇದಕ್ಕ ಟಿಕೀಟು ಆಧಾ ಕೊಡ್ಲೇನವ್ವಾ, ಪೂರಾ ಕೊಡ್ಲೇ?" ಎನ್ನುತ್ತ ಮೇಲಕ್ಕೆತ್ತಿಸಲು ಕೈ ಹಾಕಿ, ಭಾರಕ್ಕೆ ನರಳಿದ. "ಮಗ ಏನ್ ವಜನ ಅದಾನಪಾ! ಏನ್ ಉಣಿಸ್ತೀರಿ ಇವನಿಗಿ?"

"ಜ್ವಾಳ" ಎಂದಳು ಜಯದೇವಿ.

"ಅದಕ್ಕೇ! ಹಾಲು ಕುಡಿಯೋ ಮಕ್ಕಳು ಹಿಂಗಿರ್ತಾವೇನು?"

ಕಿಟಕಿಯ ಹತ್ತಿರ ಕೂತಿದ್ದ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಜಯದೇವಿಯ ಬಾಯಿಂದಲೂ ಒಂದು ನಗು ಬಂದುಬಿಟ್ಟಿತು. ಎಲ್ಲೋ ಎದೆಯ ಕೆಳಗಿನಿಂದ, ಬಿಕ್ಕಿನಂತೆ, ಅವಳನ್ನು ಕೇಳದೆ. ವಹಾಬ್ ಖುಷಿಯಿಂದ ತಿರುಗಿ ನೋಡಿದವನು ಅವಳ ಬರಿ ಹಣೆ, ಬರಿಗೈ ಕಂಡು ಮುಖ ಇಳಿಸಿದ. ಹಗ್ಗವನ್ನು ಎರಡು ಸುತ್ತು ಹೆಚ್ಚಾಗಿ ಬಿಗಿದ. ಆ ಹೆಂಗಸು ಸ್ವಲ್ಪ ಸರಿದು ಜಾಗ ಕೊಟ್ಟಳು, ಆಮೇಲೆ ಇನ್ನೂ ಸ್ವಲ್ಪ ಸರಿದಳು, ಅಷ್ಟು ಜಾಗ ಬೇಕಿರಲಿಲ್ಲ. ಊರು ದಾಟಿದ ಮೇಲೆ ಕರಿ ನೆಲ, ಕೊಯ್ದ ತೊಗರಿಯ ಕೂಳೆ, ಅಲ್ಲೊಂದು ಇಲ್ಲೊಂದು ಬೇವು. ಇದೇ ದಾರಿಯಲ್ಲಿ ಶಿವಕಾಂತಮ್ಮ ಎಂಬ ಹುಡುಗಿ ಗಾಡಿಯಲ್ಲಿ ನಿದ್ದೆ ಮಾಡುತ್ತ ಬಂದಿದ್ದಳು. ಇದೇ ದಾರಿಯಲ್ಲಿ ಈ ತೊಟ್ಟಿಲನ್ನು ತಂದಿದ್ದಳು. ಆಗ ಅವಳಿಗೆ ಜಯದೇವಿಯ ಈಗಿನ ವಯಸ್ಸು ಇದ್ದಿರಬೇಕು. ಹೊಟ್ಟೆಯ ಮೇಲೆ ಒಂದು ಕೈ, ತೊಟ್ಟಿಲ ಮೇಲೆ ಒಂದು ಕೈ. ಗುಂಡಿಗೆ ಚಕ್ರ ಇಳಿದಾಗಲೆಲ್ಲ ಮೇಲಿನಿಂದ ಜೋಳದ ಕಾಳು ಅಲುಗುವ ಸದ್ದು ಬರುತ್ತಿತ್ತು, ಜಯದೇವಿ ತಲೆ ಎತ್ತುತ್ತಿದ್ದಳು.

ಕಮಲಾಪುರದಲ್ಲಿ ಇನ್ನೂ ಬಿಸಿಲು ಇತ್ತು. ಕಸ್ತೂರಿಬಾಯಿಯ ಅಂಗಳದಲ್ಲಿ ನಾಲ್ಕಾರು ಹೆಂಗಸರು ಜೋಳ ಹಸನು ಮಾಡುತ್ತ ಕೂತಿದ್ದರು. ಬೆಳಗಿನ ಮೋಟಾರಿಗೆ ಬಂದಿದ್ದ ಅಣವೀರಪ್ಪ ದನಕ್ಕೆ ನೀರು ಇಡುತ್ತಿದ್ದವನು ಬಾಗಿಲಲ್ಲಿ ಕೂಲಿಯವನೊಂದಿಗೆ ತೊಟ್ಟಿಲು ಹಿಡಿದು ನಿಂತ ಅವಳನ್ನು ನೋಡಿ ಬಕೆಟು ಕೆಳಗಿಟ್ಟ. ಬಹಳ ಹೊತ್ತು ಗಿಳಿಗಳನ್ನೇ ನೋಡಿದ.

"ಗೆದ್ದಲ ಭಾಳ ಛೊಲೊ ಕೆತ್ತ್ಯಾವ ಬಿಡ್ರಿ ವೈನಿ" ಎಂದ.

"ಸುಳ್ಳ ಹೇಳಿದ್ದೆ" ಎಂದಳು ಅವಳು.

"ಗೊತ್ತಿತ್ರಿ. ನೀವು ಹೇಳೂ ಮುಂದ ಗ್ವಾಡಿ ಆಕಡಿ ಗಾಳಿಗಿ ಸರಪಳಿ ಕಿರ್ ಅಂತಿತ್ತು." ಕೂಲಿಯವನ ಕೈಯಿಂದ ತೊಟ್ಟಿಲಿನ ಒಂದು ಬದಿ ತೆಗೆದುಕೊಂಡ.

ಕಸ್ತೂರಿಬಾಯಿಗೆ ಕಣ್ಣು ಮಂಜು. ಗೋಡೆಗೆ ಒರಗಿ ಕೂತಲ್ಲಿಂದಲೇ, "ಯಾರವ್ವಾ?" ಎಂದರು.

"ಶಿವಕಾಂತತ್ತಿ ಸೊಸಿ ಬಂದಾರ ಅವ್ವಾ. ತೊಟ್ಟಲ ತಂದಾರ."

ಅಂಗಳದ ಮೊರಗಳು ನಿಂತವು. ಒಳಬಾಗಿಲಲ್ಲಿ ಅಣವೀರಪ್ಪನ ಹೆಂಡತಿ, ತುಂಬಿದ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು, ಮುಂದೆ ಬರಲೂ ಹಿಂದೆ ಹೋಗಲೂ ಆಗದೆ ನಿಂತಳು. ವಯಸ್ಸಾದ ಹೆಂಗಸೊಬ್ಬಳು ಎದ್ದು ಬಂದು ಜಯದೇವಿಗೂ ತೊಟ್ಟಿಲಿಗೂ ನಡುವೆ ಕೈ ಹಾಕಿದಳು. "ನೀ ಬಿಡು ಯವ್ವಾ. ಮಕ್ಕಳ ತಾಯಿ ಯಾರರೆ ಇಳಸ್ತಾರ. ದಿನ ತುಂಬಿದಾಕಿ ಮನ್ಯಾಗ ಅದಾಳ."

"ತಂದಾಕಿ ಇಳಸ್ಲಿ" ಎಂದರು ಕಸ್ತೂರಿಬಾಯಿ. "ಅಲ್ಲಿಂದ ಇಲ್ಲೀತನ ತಂದಾಳ. ಇನ್ನ ಗೇಣುದ್ದಕ್ಕ ನಿಂದೇನ ನಡುವ?"

ಜಯದೇವಿ ತೊಟ್ಟಿಲನ್ನು ಅವರ ಮುಂದೆ ಇಳಿಸಿದಳು. ಕಸ್ತೂರಿಬಾಯಿ ಕೌದಿ ಸರಿಸಿ ಜೋಳದಲ್ಲಿ ಕೈ ಮುಳುಗಿಸಿದರು. ಅಂಚಿನ ಮೇಲೆ ಬೆರಳು ಓಡಿಸಿದರು. ಕೊಕ್ಕಿಲ್ಲದ ಗಿಳಿ ಸಿಕ್ಕಾಗ ಬೆರಳು ಅಲ್ಲಿ ನಿಂತಿತು, ಮತ್ತೆ ಮುಂದೆ ಹೋಯಿತು.

"ಅತ್ತಿ ಕೊಡಬೇಕಿತ್ರಿ" ಎಂದಳು ಜಯದೇವಿ. "ಹೋದ ವರ್ಷಾನೇ. ಅವರು ನನ್ನ ಸಲುವಾಗಿ..."

"ಬಂದಿದ್ಲು ಆಕಿ. ಕೂಸು ಹೋದ ಮ್ಯಾಲ. ಇಲ್ಲೇ ಕೂತಳು, ಹೊತ್ತು ಮುಳುಗೂತನ. ತಪ್ಪಾತು ಅನ್ನಲಿಲ್ಲ. ನೀರು ಕುಡೀಲಿಲ್ಲ. ನಾನೂ ಕುಡಿ ಅನ್ನಲಿಲ್ಲ." ಕಸ್ತೂರಿಬಾಯಿ ಉಸಿರು ತೆಗೆದುಕೊಂಡರು. "ಕುಡಿ ಅನ್ನಬೇಕಿತ್ತು."

ಜಯದೇವಿಯ ಕೈ ಇನ್ನೂ ತೊಟ್ಟಿಲ ಅಂಚಿನ ಮೇಲಿತ್ತು. ಬಿಡಬೇಕೆಂದು ಅವಳಿಗೆ ಗೊತ್ತಿತ್ತು. ಬಿಟ್ಟರೆ ಇದು ಇನ್ನೊಬ್ಬರ ಮನೆಯ ತೊಟ್ಟಿಲು, ಸೂರ್ಯಕಾಂತ ಅಲ್ಲಲ್ಲಿ ಉಳಿದ ಚೂರುಗಳು, ಅತ್ತೆ ಒಂದು ಹೊಲದ ಮೂಲೆಯ ಹಸಿ ಮಣ್ಣು. ಬೆರಳು ಬಿಚ್ಚಿಕೊಳ್ಳಲಿಲ್ಲ.

ಆ ಓಣಿಯ ಮನೆಗಳಲ್ಲಿ ಎರವಲು ಹೋದ ವಸ್ತು ತಿರುಗಿ ಬಂದಾಗ ಕೊಟ್ಟವರು ಒಂದು ಮಾತು ಹೇಳುತ್ತಾರೆ, ಜರಡಿಯಿರಲಿ, ಕೊಡಲಿಯಿರಲಿ. ಹೇಳದಿದ್ದರೆ ಮನಸ್ಸಿನಲ್ಲಿ ಕಹಿ ಉಳಿದಿದೆ ಎಂದು ಅರ್ಥ. ತಂದವರು ಅದಕ್ಕೆ ಒಂದು ಮಾತಿನ ಉತ್ತರ ಕೊಟ್ಟು ಹೋಗಬೇಕು. ಕಸ್ತೂರಿಬಾಯಿ ಜೋಳದಿಂದ ಕೈ ತೆಗೆದು, ದೂಳು ಒರೆಸಿಕೊಂಡು, ಜರಡಿ ತಂದವರಿಗೆ ಹೇಳುವ ದನಿಯಲ್ಲೇ ಹೇಳಿದರು:

"ಮತ್ತ ಬೇಕಾದಾಗ ಬಂದು ಒಯ್ಯವ್ವಾ."

ಅಂಗಳದಲ್ಲಿ ಯಾರೋ ನಾಲಿಗೆ ಕಚ್ಚಿಕೊಂಡರು. "ಅವ್ವಾ..." ಎಂದ ಅಣವೀರಪ್ಪ, ಮೆಲ್ಲಗೆ.

"ಏನೋ? ಹೇಳೂ ಮಾತು ಹೇಳೀನಿ." ಕಸ್ತೂರಿಬಾಯಿ ಮಂಜುಗಣ್ಣನ್ನು ಜಯದೇವಿಯ ಮುಖ ಇರಬಹುದಾದ ಕಡೆಗೆ ಎತ್ತಿ, ಉತ್ತರಕ್ಕಾಗಿ ಕಾದರು. ಒಳಬಾಗಿಲಲ್ಲಿ ಬಸುರಿ ಹೆಂಗಸೂ ಅವಳನ್ನೇ ನೋಡುತ್ತಿದ್ದಳು, ತಿರುಗದೆ.

"ಆಗ್ಲಿರಿ" ಎಂದಳು ಜಯದೇವಿ. ದನಿ ಒಡೆದಿತ್ತು. ಮುದುಕಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಗಟ್ಟಿಯಾಗಿ, ಅಂಗಳಕ್ಕೆಲ್ಲ ಕೇಳುವಂತೆ "ಆಗ್ಲಿ" ಎಂದು, ತೊಟ್ಟಿಲಿನಿಂದ ಕೈ ತೆಗೆದಳು.